ಜೋಡೆತ್ತಿನ ಹಲ್ಲು ನೋಡುವ ಬಗೆ

2008ರ ಆಗಸ್ಟ್ 29, ಶುಕ್ರವಾರ. ಶಿಕಾಗೋದಲ್ಲಿ ಅಮೆರಿಕದ ಕನ್ನಡ ಕೂಟಗಳ ಒಕ್ಕೂಟ 'ಅಕ್ಕ'ದ ವಿಶ್ವ ಕನ್ನಡ ಸಮ್ಮೇಳನ ಶುರುವಾಗುವ ದಿನ. ನಮ್ಮದು ಒಹಾಯೋ ರಾಜ್ಯದ ಡೇಟನ್ ಪಕ್ಕದ ಊರು, ಶಿಕಾಗೋಗೆ ಕಾರಿನಲ್ಲಿ ಐದು ಗಂಟೆಯ ದಾರಿ. ಪುಳಿಯೋಗರೆ, ಮೊಸರನ್ನ ಕಟ್ಟಿಕೊಂಡು ಹೊರಟರೆ ರೈಟ್ ಸ್ಟೇಟ್ ವಿಶ್ವವಿದ್ಯಾಲಯದ ಕಡೆಗೆ ಹೋಗುವ ರಸ್ತೆಯ ತುಂಬ ಪೊಲೀಸರು, ಸಾಲುಗಟ್ಟಿದ ಕಾರುಗಳು. ಆರು ತಿಂಗಳ ವೀಸಾದಲ್ಲಿ ಬಂದಿದ್ದ ಅಮ್ಮ ಹಿಂದಿನ ಸೀಟಿನಿಂದ, "ಇಲ್ಲಿ ಯಾವ ದೇವರ ತೇರು?" ಎಂದು ಕೇಳಿದಳು.

ಇಂಡಿಯಾನಾಪೊಲಿಸ್ ಹತ್ತಿರವಾಗುವಷ್ಟರಲ್ಲಿ ರೇಡಿಯೋ ಉತ್ತರ ಕೊಟ್ಟಿತು. ನಾವು ಬಿಟ್ಟು ಬಂದ ಊರಿನಲ್ಲೇ ರಿಪಬ್ಲಿಕನ್ ಪಕ್ಷದಿಂದ ಅಧ್ಯಕ್ಷ ಸ್ಥಾನಕ್ಕೆ ನಿಂತಿದ್ದ ಜಾನ್ ಮೆಕೇನ್ ತಮ್ಮ ಉಪಾಧ್ಯಕ್ಷ ಅಭ್ಯರ್ಥಿಯನ್ನು ಜನರ ಮುಂದೆ ನಿಲ್ಲಿಸಿದ್ದರು. ಹೆಸರು ಸಾರಾ ಪೇಲಿನ್, ಅಲಾಸ್ಕದ ಗವರ್ನರ್. ಗವರ್ನರ್ ಎಂದರೆ ನಮ್ಮ ರಾಜಭವನದವರಲ್ಲ, ನಮ್ಮ ಲೆಕ್ಕದಲ್ಲಿ ಮುಖ್ಯಮಂತ್ರಿ. ಆ ಹುದ್ದೆಗೆ ಬಂದು ಎರಡು ವರ್ಷವೂ ಆಗಿರಲಿಲ್ಲ. ಅದಕ್ಕೂ ಮೊದಲು ವಸಿಲ್ಲ ಎಂಬ ಊರಿನ ಮೇಯರ್ ಆಗಿದ್ದರು. ಆ ಊರಿನ ಜನರನ್ನೆಲ್ಲ ತಂದರೆ ನಮ್ಮ ಒಂದು ದೊಡ್ಡ ಗ್ರಾಮ ಪಂಚಾಯಿತಿ ತುಂಬುತ್ತದೆ, ಅಷ್ಟೇ. ಆಕೆಗೆ 44. ಮೆಕೇನ್‌ಗೆ ಅಂದೇ 72 ತುಂಬಿತ್ತು. ಹಿಂದಿನ ರಾತ್ರಿ ಡೆನ್ವರ್‌ನಲ್ಲಿ ಎದುರಾಳಿ ಬರಾಕ್ ಒಬಾಮ 80,000ಕ್ಕೂ ಹೆಚ್ಚು ಜನರ ಎದುರು ಮಾತನಾಡಿದ್ದರು. ಮಧ್ಯಾಹ್ನದ ಹೊತ್ತಿಗೆ ಅದು ಹಳೆಯ ಸುದ್ದಿ.

ಅಮ್ಮನಿಗೆ ಇದನ್ನು ಹೇಗೆ ವಿವರಿಸುವುದು? ಅಧ್ಯಕ್ಷ ಅಭ್ಯರ್ಥಿ ತನ್ನ ಜೊತೆಗೆ ಚುನಾವಣೆಗೆ ನಿಲ್ಲಿಸಿಕೊಳ್ಳುವ ರನ್ನಿಂಗ್ ಮೇಟ್ ಎಂಬುದಕ್ಕೆ ನಮ್ಮಲ್ಲಿ ಪದವಿಲ್ಲ, ಪದ್ಧತಿಯೇ ಇಲ್ಲವಲ್ಲ. ಕೊನೆಗೆ ಜೋಡೆತ್ತು ಎಂದೆ. ಅವಳಿಗೆ ಥಟ್ಟನೆ ಹೊಳೆಯಿತು. ನಾವು ದೊಡ್ಡಬಳ್ಳಾಪುರದ ಕಡೆಯವರು. ಅಪ್ಪ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಹಳ್ಳಿಕಾರ್ ಎತ್ತು ನೋಡುತ್ತಿದ್ದ ಬಗೆ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ತುಟಿ ಎತ್ತಿ ಹಲ್ಲು ನೋಡುವುದು, ಮೈಮೇಲಿನ ಸುಳಿ ಹುಡುಕುವುದು, ನಾಲ್ಕು ಹೆಜ್ಜೆ ನಡೆಸುವುದು. ಎಲ್ಲ ಮುಗಿದ ಮೇಲೆ ದಲ್ಲಾಳಿ ಟವೆಲ್ ಹಾಸುತ್ತಿದ್ದ. ಅದರ ಅಡಿಯಲ್ಲಿ ಬೆರಳು ಹಿಡಿದು ಬೆಲೆ ಮಾತನಾಡುವುದು. ಸುತ್ತ ನಿಂತವರಿಗೆ ಟವೆಲ್ ಅಲುಗುವುದಷ್ಟೇ ಕಾಣುತ್ತಿತ್ತು.

"ಮುದಿ ಎತ್ತಿನ ಜೊತೆ ಪಳಗದ ಹೋರಿ ಕಟ್ಟಿದರೆ ಗಾಡಿ ಯಾವ ಕಡೆಗೆ ಹೋಗುತ್ತದೆ?" ಎಂದಳು ಅಮ್ಮ. ಅಂದು ಅಮೆರಿಕದ ಟಿವಿ ಪಂಡಿತರು ದಿನವಿಡೀ ಕುಳಿತು ಕೇಳುತ್ತಿದ್ದುದೂ ಇದನ್ನೇ.

ಸಮ್ಮೇಳನದಲ್ಲಿ ಊಟದ ಸಾಲು ಉದ್ದವಿತ್ತು, ಬಾಯಿಗೆ ಬಿಡುವಿತ್ತು. ಬಿಸಿಬೇಳೆಬಾತಿಗೆ ತಟ್ಟೆ ಹಿಡಿದು ನಿಂತವರೆಲ್ಲ ಪೇಲಿನ್ ಪರಿಣತರು. ನನ್ನ ಮುಂದಿದ್ದ ದಾವಣಗೆರೆಯ ಹಿರಿಯರೊಬ್ಬರು, "ನಮ್ಮಲ್ಲಿ ಎರಡನೆಯವರು ಇಪ್ಪತ್ತು ತಿಂಗಳು ಕಾದರು, ಕುರ್ಚಿ ಸಿಕ್ಕಿದ್ದು ಏಳು ದಿನ. ಈಕೆ ಫೋನ್ ಬಂತು, ವಿಮಾನ ಹತ್ತಿದರು" ಎಂದರು. ಕುಮಾರಸ್ವಾಮಿ ಮತ್ತು ಯಡಿಯೂರಪ್ಪನವರ ಇಪ್ಪತ್ತು-ಇಪ್ಪತ್ತು ತಿಂಗಳ ಒಪ್ಪಂದ ಮುರಿದು ಆಗಿನ್ನೂ ವರ್ಷವಾಗಿರಲಿಲ್ಲ. 2007ರ ನವೆಂಬರ್‌ನ ಆ ವಾರದ ಸರ್ಕಾರವನ್ನು ಯಾರೂ ಮರೆತಿರಲಿಲ್ಲ. ಸಾಲಿನಲ್ಲಿದ್ದವರೆಲ್ಲ ನಕ್ಕರು. ಹಿರಿಯರು ಹೇಳಿದ್ದರಲ್ಲಿ ಉತ್ಪ್ರೇಕ್ಷೆಯೂ ಹೆಚ್ಚಿರಲಿಲ್ಲ. ಮೆಕೇನ್ ಆಕೆಯನ್ನು ಫೆಬ್ರವರಿಯಲ್ಲಿ ಒಮ್ಮೆ ಭೇಟಿಯಾಗಿದ್ದರು, ಫೋನಿನಲ್ಲಿ ಮಾತನಾಡಿದ್ದರು, ಘೋಷಣೆಯ ಹಿಂದಿನ ದಿನ ಅರಿಜೋನದ ತಮ್ಮ ತೋಟದ ಮನೆಗೆ ಕರೆಸಿಕೊಂಡಿದ್ದರು. ನಮ್ಮ ಮನೆಗಳಲ್ಲಿ ಹೆಣ್ಣು ನೋಡುವುದಕ್ಕೂ ಇದಕ್ಕಿಂತ ಹೆಚ್ಚು ಓಡಾಟವಾಗುತ್ತದೆ.

ಮೆಕೇನ್ ಮನಸ್ಸಿನಲ್ಲಿದ್ದ ಮೊದಲ ಹೆಸರು ಬೇರೆ, ಸೆನೆಟರ್ ಜೋ ಲೀಬರ್‌ಮನ್. 2000ದಲ್ಲಿ ಇದೇ ಹುದ್ದೆಗೆ ಡೆಮಾಕ್ರಟಿಕ್ ಪಕ್ಷದಿಂದ ನಿಂತಿದ್ದವರು, ಗರ್ಭಪಾತದ ಹಕ್ಕಿನ ಪರ ಇದ್ದವರು. ಆ ಹೆಸರೆತ್ತಿದರೆ ಪಕ್ಷ ಒಡೆಯುತ್ತದೆ ಎಂದು ಸುತ್ತಲಿನವರು ಹೆದರಿಸಿದರು. ಆಗ ಆದದ್ದು ಈ ಜೂಜು.

ಸೆಪ್ಟೆಂಬರ್ 3ರ ರಾತ್ರಿ ಸೇಂಟ್ ಪಾಲ್‌ನ ಪಕ್ಷದ ಅಧಿವೇಶನದಲ್ಲಿ ಪೇಲಿನ್ ಮಾತನಾಡಿದ್ದನ್ನು 3.7 ಕೋಟಿಗೂ ಹೆಚ್ಚು ಜನ ನೋಡಿದರು. ಅವರಲ್ಲಿ ಇಂಗ್ಲಿಷ್ ಬಾರದ ನಮ್ಮಮ್ಮನೂ ಒಬ್ಬಳು. ಭಾಷಣ ಜೋರಾಗಿತ್ತು, ಆದರೆ ಅಮ್ಮ ನೋಡುತ್ತಿದ್ದುದು ಮಕ್ಕಳು ಕುಳಿತ ಕಡೆಗೆ. ನಾಲ್ಕು ತಿಂಗಳ ಕೂಸು, ಡೌನ್ ಸಿಂಡ್ರೋಮ್ ಇರುವ ಮಗು, ಏಳು ವರ್ಷದ ಅಕ್ಕನ ತೊಡೆಯ ಮೇಲಿತ್ತು. ಆ ಹುಡುಗಿ ಅಂಗೈ ನೆಕ್ಕಿ, ಆ ಎಂಜಲಿನಲ್ಲೇ ತಮ್ಮನ ತಲೆಗೂದಲು ತಿದ್ದಿ ಕೂರಿಸಿದಳು. ಅಮ್ಮ ತೊಡೆ ತಟ್ಟಿಕೊಂಡು ನಕ್ಕಳು. "ನಮ್ಮ ಹಟ್ಟಿಯ ಹುಡುಗಿಯೇ" ಎಂದಳು.

ಅದಕ್ಕೆ ಎರಡು ದಿನ ಮುಂಚೆ, ಮದುವೆಯಾಗದ 17 ವರ್ಷದ ಹಿರಿಯ ಮಗಳು ಬಸುರಿ ಎಂದು ಪೇಲಿನ್ ದಂಪತಿ ತಾವಾಗಿಯೇ ಪ್ರಕಟಿಸಿದ್ದರು. ಇನ್ನು ಮುಗಿಯಿತು ಎಂದುಕೊಂಡೆ. ಚರ್ಚಿನ ಮಂದಿಯೇ ಅಲ್ಲವೇ ಆ ಪಕ್ಷದ ಬೆನ್ನೆಲುಬು? ಆದದ್ದೇ ಬೇರೆ. ಆ ಮಂದಿಯೇ ಹುಡುಗಿಯ ಪರ ನಿಂತರು. ನಮ್ಮ ಕಡೆಯಾಗಿದ್ದರೆ ಚುನಾವಣೆ ಮುಗಿಯುವವರೆಗೆ ಹುಡುಗಿ ಯಾವುದೋ ದೂರದ ಸೋದರತ್ತೆಯ ಮನೆ ಸೇರುತ್ತಿದ್ದಳು. "ಬಚ್ಚಿಡದೆ ವೇದಿಕೆಗೆ ಕರೆತಂದರಲ್ಲ, ಗಟ್ಟಿ ಹೆಂಗಸು" ಎಂದು ಅಮ್ಮ ತೀರ್ಪು ಕೊಟ್ಟಳು. ಪಕ್ಕದ ಮನೆಯ ಅಜ್ಜಿಯದೂ ಅದೇ ತೀರ್ಪು. ಅವರ ಗಂಡ ಮೊರೇನ್‌ನ ಜನರಲ್ ಮೋಟರ್ಸ್ ಕಾರ್ಖಾನೆಯಿಂದ ನಿವೃತ್ತರಾದವರು; ಆ ಕಾರ್ಖಾನೆ ಅದೇ ಡಿಸೆಂಬರ್‌ನಲ್ಲಿ ಬಾಗಿಲು ಹಾಕಿತು. ಬೇಸಿಗೆಯುದ್ದಕ್ಕೂ ಖಾಲಿಯಿದ್ದ ಅವರ ಹುಲ್ಲುಹಾಸಿನಲ್ಲಿ ಭಾಷಣದ ಮರುದಿನವೇ ಮೆಕೇನ್-ಪೇಲಿನ್ ಫಲಕ ನಾಟಿತು. ಮೆಕೇನ್ ಒಬ್ಬರಿಗಾಗಿ ಅಜ್ಜಿ ಆ ಗೂಟ ಹೊಡೆಯುತ್ತಿರಲಿಲ್ಲ.

ನಮ್ಮವರ ನಗುವಿನ ಬಗ್ಗೆ ನನಗೊಂದು ತಕರಾರಿದೆ. ಪೇಲಿನ್ ಪದದ ಕೊನೆಯ ಅಕ್ಷರ ನುಂಗಿ ಮಾತನಾಡುವುದನ್ನು ಅಣಕಿಸಿ ನಮ್ಮ ಕನ್ನಡ ಕೂಟದಲ್ಲಿ ಬಿದ್ದು ಬಿದ್ದು ನಕ್ಕವರು ಬೆಂಗಳೂರಿನ ಗೆಳೆಯರು. ಕಚೇರಿಯಲ್ಲಿ ತಮ್ಮ ಇಂಗ್ಲಿಷನ್ನು ಯಾರಾದರೂ ಎರಡನೆಯ ಸಲ ಕೇಳಿದರೆ ಮುಖ ಸಣ್ಣ ಮಾಡಿಕೊಳ್ಳುವವರೂ ಅವರೇ. ನನ್ನ ಅಪ್ಪ ಹಾಲಿಗೆ 'ಆಲು' ಎನ್ನುತ್ತಿದ್ದ. ಅದನ್ನು ಕೇಳಿ ಬೆಂಗಳೂರಿನ ಹಾಸ್ಟೆಲ್‌ನಲ್ಲಿ ನಕ್ಕ ನಗುವೂ ಇದೇ ಜಾತಿಯದು. ಆಕೆಗೆ ವಿದೇಶಾಂಗ ನೀತಿ ಗೊತ್ತಿರಲಿಲ್ಲ ಎಂದು ಹೇಳಿ, ಒಪ್ಪುತ್ತೇನೆ. ಉಚ್ಚಾರ ಹಿಡಿದು ಆಡಿಕೊಂಡರೆ ಆ ಅಜ್ಜಿಯ ಫಲಕ ಇನ್ನೆರಡು ಗೇಣು ಆಳಕ್ಕೆ ಹೋಗುತ್ತದೆ, ಅಷ್ಟೇ.

ಗೊತ್ತಿರಲಿಲ್ಲ ಎಂಬುದು ಬಯಲಾಗಲು ಹೆಚ್ಚು ದಿನ ಬೇಕಾಗಲಿಲ್ಲ. ಸೆಪ್ಟೆಂಬರ್ ಕೊನೆಯಲ್ಲಿ ಸಿಬಿಎಸ್‌ನ ಕೇಟಿ ಕೂರಿಕ್ ದನಿ ಏರಿಸದೆ, ಯಾವ ಪತ್ರಿಕೆ, ನಿಯತಕಾಲಿಕೆ ಓದುತ್ತೀರಿ ಎಂದು ಕೇಳಿದರು. ಎಲ್ಲವನ್ನೂ ಎಂಬ ಉತ್ತರ ಬಂತು. ಒಂದೆರಡು ಹೆಸರು ಹೇಳಿ ಎಂದರೆ ಮತ್ತೆ ಅದೇ. ಏಳನೇ ತರಗತಿ ದಾಟದ ಅಪ್ಪನನ್ನು ಕೇಳಿದ್ದರೆ "ಪ್ರಜಾವಾಣಿ, ಅದೂ ಹೋಟೆಲಿನದು" ಎಂದು ಥಟ್ಟನೆ ಹೇಳುತ್ತಿದ್ದ. ಅಷ್ಟರಲ್ಲಿ ಲೇಮನ್ ಬ್ರದರ್ಸ್ ಬ್ಯಾಂಕ್ ಮುಳುಗಿತ್ತು, ಜನರಿಗೆ ತಮ್ಮ ಉಳಿತಾಯದ ಚಿಂತೆ ಹತ್ತಿತ್ತು. ಗಟ್ಟಿ ಹೆಂಗಸು ಎಂಬ ಮೆಚ್ಚುಗೆ ಕರಗತೊಡಗಿತು. ಅಕ್ಟೋಬರ್ 2ರಂದು ಒಬಾಮರ ಜೋಡೆತ್ತು ಜೋ ಬೈಡನ್ ಜೊತೆಗಿನ ಚರ್ಚೆಯನ್ನು ಸುಮಾರು 7 ಕೋಟಿ ಜನ ನೋಡಿದರು. ಎರಡನೆಯ ಸ್ಥಾನದವರ ಮಾತಿಗೆ 7 ಕೋಟಿ!

ನಾನು ಹೊಟ್ಟೆಕಿಚ್ಚು ಪಡುವುದು ಇಲ್ಲಿ. ಆಯ್ಕೆ ಅಲ್ಲಿಯೂ ಟವೆಲ್ಲಿನ ಅಡಿಯಲ್ಲೇ ಆಯಿತು, ಕೆಲವೇ ಜನ ಸೇರಿ, ಗುಟ್ಟಾಗಿ. ಆದರೆ ಆಮೇಲೆ ಎರಡು ತಿಂಗಳು ಇಡೀ ದೇಶ ತುಟಿ ಎತ್ತಿ ಹಲ್ಲು ನೋಡಿತು, ನಡೆಸಿ ನೋಡಿತು. ಸ್ವಂತ ಪಕ್ಷದವರೇ ಮೊದಲು ಬಾಯಿ ಬಿಟ್ಟರು. ರೇಗನ್‌ಗೆ ಭಾಷಣ ಬರೆದುಕೊಟ್ಟಿದ್ದ ಪೆಗಿ ನೂನನ್, ಮೈಕ್ ಆರಿದೆ ಎಂದುಕೊಂಡು ಟಿವಿ ಸ್ಟುಡಿಯೋದಲ್ಲೇ ಇದು ಮುಗಿದ ಕಥೆ ಎಂದುಬಿಟ್ಟರು. ಬುಷ್ ಸರ್ಕಾರದಲ್ಲಿ ವಿದೇಶಾಂಗ ಕಾರ್ಯದರ್ಶಿಯಾಗಿದ್ದ ಕಾಲಿನ್ ಪವೆಲ್ ಅಕ್ಟೋಬರ್ 19ರಂದು ಟಿವಿಯಲ್ಲಿ ಕುಳಿತು, ಆಕೆ ಅಧ್ಯಕ್ಷ ಸ್ಥಾನಕ್ಕೆ ಸಿದ್ಧರಿಲ್ಲ ಎಂದು ಕಾರಣ ಕೊಟ್ಟು ಒಬಾಮರನ್ನು ಬೆಂಬಲಿಸಿದರು. ನಮ್ಮಲ್ಲಾದರೆ ಸಂಜೆಯೊಳಗೆ ಶೋಕಾಸ್ ನೋಟಿಸ್.

ನಮ್ಮ ಉಪಮುಖ್ಯಮಂತ್ರಿಯ ಹುದ್ದೆ ನೋಡಿ. ಸಂವಿಧಾನದಲ್ಲಿ ಅದರ ಹೆಸರೇ ಇಲ್ಲ. ಒಂದು ಬಣವನ್ನೋ ಜಾತಿಯನ್ನೋ ಪ್ರದೇಶವನ್ನೋ ಸಮಾಧಾನಪಡಿಸಲು ಚುನಾವಣೆ ಮುಗಿದ ಮೇಲೆ ಹಂಚುವ ಪ್ರಸಾದ. 2019ರಲ್ಲಿ ಕರ್ನಾಟಕಕ್ಕೆ ಏಕಕಾಲಕ್ಕೆ ಮೂವರು ಉಪಮುಖ್ಯಮಂತ್ರಿಗಳಿದ್ದರು. ಅವರಲ್ಲೊಬ್ಬರು ಪ್ರಮಾಣವಚನದ ಹೊತ್ತಿಗೆ ವಿಧಾನಸಭೆಯಲ್ಲೂ ಇರಲಿಲ್ಲ, ಪರಿಷತ್ತಿನಲ್ಲೂ ಇರಲಿಲ್ಲ. ಮುಖ್ಯಮಂತ್ರಿಗೆ ಏನಾದರೂ ಆದರೆ ಈ ಮೂವರಲ್ಲಿ ಯಾರು ರಾಜ್ಯ ನಡೆಸಬಲ್ಲರು ಎಂದು ಯಾರೂ ಕೇಳಲಿಲ್ಲ. ಕೇಳುವ ಅಗತ್ಯವೂ ಇಲ್ಲ, ಆಗ ಟವೆಲ್ ಮತ್ತೊಮ್ಮೆ ಹಾಸಿದರಾಯಿತು.

ಅಮೆರಿಕದವರಿಗೆ ಹಾಗೆ ಬಿಡುವಂತಿಲ್ಲ. ಒಂಬತ್ತು ಉಪಾಧ್ಯಕ್ಷರು ಅವಧಿಯ ನಡುವೆಯೇ ಅಧ್ಯಕ್ಷರಾಗಿದ್ದಾರೆ. ಟ್ರೂಮನ್ ಉಪಾಧ್ಯಕ್ಷರಾಗಿದ್ದುದು 82 ದಿನ. ಅಧ್ಯಕ್ಷ ರೂಸ್‌ವೆಲ್ಟ್ ತೀರಿಕೊಂಡರು, ಯುದ್ಧವೂ ಅಣುಬಾಂಬೂ ಅವರ ಕೈಗೆ ಬಂದವು. ನಮ್ಮಲ್ಲೂ ಅಂಥ ಗಳಿಗೆ ಬರದೆ ಇಲ್ಲ, ಬಂದದ್ದು ಕನ್ನಡಿಗರೊಬ್ಬರ ಪಾಲಿಗೆ. 1977ರ ಫೆಬ್ರವರಿ 11ರಂದು ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ತೀರಿಕೊಂಡಾಗ ಉಪರಾಷ್ಟ್ರಪತಿ ಬಿ.ಡಿ. ಜತ್ತಿಯವರು ಹಂಗಾಮಿ ರಾಷ್ಟ್ರಪತಿಯಾದರು. ಜಮಖಂಡಿ ತಾಲ್ಲೂಕಿನ ಸಾವಳಗಿಯವರು, ಮೈಸೂರು ರಾಜ್ಯದ ಮುಖ್ಯಮಂತ್ರಿಯಾಗಿದ್ದವರು. ಇಂದಿರಾ ಸೋತರು, ಮೊರಾರ್ಜಿ ಬಂದರು, ಒಂಬತ್ತು ರಾಜ್ಯಗಳ ವಿಧಾನಸಭೆ ವಿಸರ್ಜಿಸುವ ಸಲಹೆ ಜತ್ತಿಯವರ ಮೇಜಿಗೆ ಬಂತು. ಅವರು ತುಸು ತಡೆದು, ಆಮೇಲೆ ಸಹಿ ಹಾಕಿದರು. ಹಾಗಿದ್ದರೂ ಉಪರಾಷ್ಟ್ರಪತಿಯ ಹೆಸರು ಬಂದಾಗ ಇಂಥ ದಿನ ಬಂದರೆ ಈತ ಏನು ಮಾಡಬಲ್ಲ ಎಂದು ಲೆಕ್ಕ ಹಾಕುವ ರೂಢಿ ನಮ್ಮಲ್ಲಿ ಬೆಳೆಯಲಿಲ್ಲ. ಆರು ತಿಂಗಳಲ್ಲಿ ಹೊಸ ರಾಷ್ಟ್ರಪತಿ ಬರುತ್ತಾರೆ ಎಂಬ ಧೈರ್ಯ ಇರಬಹುದು.

ನವೆಂಬರ್ 4ರ ಚುನಾವಣೆಯಲ್ಲಿ ರಾಜ್ಯವಾರು ಲೆಕ್ಕದ ಎಲೆಕ್ಟೋರಲ್ ಮತ ಒಬಾಮಗೆ 365, ಮೆಕೇನ್‌ಗೆ 173. ಒಹಾಯೋವೂ ಮೆಕೇನ್‌ರ ಕೈಬಿಟ್ಟಿತು. ಪೇಲಿನ್‌ರಿಂದಲೇ ಸೋತರು ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ, ಆ ಸೆಪ್ಟೆಂಬರ್‌ನಲ್ಲಿ ಯಾರನ್ನು ನೊಗಕ್ಕೆ ಕಟ್ಟಿದ್ದರೂ ಆ ಗಾಡಿ ಏರು ಹತ್ತುತ್ತಿರಲಿಲ್ಲ. ಮೆಕೇನ್ ಕೂಡ ಆಕೆಯ ಮೇಲೆ ತಪ್ಪು ಹೊರಿಸಲಿಲ್ಲ. ಸಾಯುವ ಕೆಲವೇ ತಿಂಗಳ ಮುನ್ನ ಬಂದ ಪುಸ್ತಕದಲ್ಲಿ, ಲೀಬರ್‌ಮನ್‌ರನ್ನೇ ಆರಿಸಬೇಕಿತ್ತು ಎಂದಷ್ಟೇ ಹಳಹಳಿಸಿದರು.

2018ರ ಆಗಸ್ಟ್ 25ರಂದು ಅವರು ತೀರಿಕೊಂಡರು. ಆ ಭಾನುವಾರ ಊರಿಗೆ ಫೋನ್ ಮಾಡಿದಾಗ ಅಮ್ಮನಿಗೆ ಹೇಳಿದೆ, "ನಾವು ಶಿಕಾಗೋಗೆ ಹೋದ ದಿನದ ಆ ಮುದುಕರು" ಎಂದು. ಅವಳಿಗೆ ನೆನಪಿತ್ತು. ಮುಂದಿನ ವಾರ ಅವಳೇ ವಿಚಾರಿಸಿದಳು, ಮಣ್ಣಿಗೆ ಆ ಕೂಸಿನ ತಾಯಿ ಬಂದಿದ್ದಳೇ ಎಂದು. ಇಲ್ಲಮ್ಮ, ಆಕೆಯನ್ನು ಕರೆದಿರಲಿಲ್ಲವೆಂದು ಪತ್ರಿಕೆಗಳಲ್ಲಿ ಬಂದಿದೆ ಎಂದೆ.

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅಮ್ಮ ಕೇಳಿದಳು, "ಸಾವಿಗೂ ಕರೆಯುತ್ತಾರೇನಪ್ಪ?"