ಸತ್ಯಾಂಶ: ಅಸಿಂಧು ಮತ ಹೆಚ್ಚಾದರೆ ಬ್ರೆಜಿಲ್‌ನಲ್ಲಿ ಚುನಾವಣೆ ರದ್ದಾಗುತ್ತದೆಯೇ?

‘ಶೇ 50ಕ್ಕಿಂತ ಹೆಚ್ಚು ಜನ ಅಸಿಂಧು ಮತ ಹಾಕಿದರೆ ಬ್ರೆಜಿಲ್‌ನಲ್ಲಿ ಚುನಾವಣೆಯೇ ರದ್ದು, ಹಳೇ ಅಭ್ಯರ್ಥಿಗಳೆಲ್ಲ ಮನೆಗೆ’ ಎಂಬ ಸಂದೇಶ ಹರಿದಾಡುತ್ತಿರುತ್ತದೆ. ಇದು ಸುಳ್ಳು.

ಅಲ್ಲಿನ ಮತಯಂತ್ರದಲ್ಲಿ ಅಭ್ಯರ್ಥಿಯ ಸಂಖ್ಯೆ ಒತ್ತಬೇಕು. ಯಾರಿಗೂ ಸೇರದ ಸಂಖ್ಯೆ ಒತ್ತಿ ಹಸಿರು ಗುಂಡಿ ಅದುಮಿದರೆ ಮತ ಅಸಿಂಧು; ಬಿಳಿ ಗುಂಡಿ, ಆಮೇಲೆ ಹಸಿರು ಒತ್ತಿದರೆ ಖಾಲಿ ಮತ. 1988ರ ಸಂವಿಧಾನದ 77ನೇ ವಿಧಿಯಂತೆ ಅಧ್ಯಕ್ಷರ ಆಯ್ಕೆಯಲ್ಲಿ ಇವೆರಡೂ ಲೆಕ್ಕಕ್ಕಿಲ್ಲ. 100ರಲ್ಲಿ 60 ಅಸಿಂಧುವಾದರೆ, ಉಳಿದ 40ರಲ್ಲಿ 21 ಪಡೆದವರು ಮೊದಲ ಸುತ್ತಿನಲ್ಲೇ ಗೆದ್ದಂತೆ. ಪ್ರತಿಭಟನೆಯಿಂದ ಮುಂದಿದ್ದವರಿಗೇ ಅನುಕೂಲ!

ಗೊಂದಲದ ಮೂಲ ಚುನಾವಣಾ ಸಂಹಿತೆಯ 224ನೇ ವಿಧಿ. ಅರ್ಧಕ್ಕಿಂತ ಹೆಚ್ಚು ಮತ ಅಸಿಂಧುವಾದರೆ 20ರಿಂದ 40 ದಿನದೊಳಗೆ ಮರುಚುನಾವಣೆ ಎಂದು ಅದು ಹೇಳುವುದೇನೋ ನಿಜ. ಆದರೆ ಅದು ಅಕ್ರಮದಂಥ ಕಾರಣಕ್ಕೆ ಚುನಾವಣಾ ನ್ಯಾಯಾಲಯ ರದ್ದುಪಡಿಸಿದ ಮತಗಳ ಮಾತು, ಮತದಾರ ತಾನಾಗಿ ಕೆಡಿಸಿದ ಮತದ್ದಲ್ಲ.