ಕ್ವಾರಿಯ ಚರಂಡಿಯನ್ನು ಆರಿದ್ರಾ ಮಳೆಯಲ್ಲಿ ನೋಡಬೇಕು

ನಮ್ಮ ಹಾಸನ ಜಿಲ್ಲೆಯಲ್ಲಿ ಜಲ್ಲಿ ಕ್ವಾರಿಗಳ ಮಾತು ಬಂದಾಗಲೆಲ್ಲ ಸಿಡಿಮದ್ದಿನ ಸದ್ದು, ದೂಳು, ಟಿಪ್ಪರ್ ಓಡಾಡಿ ಹಾಳಾದ ರಸ್ತೆ, ಇಷ್ಟಕ್ಕೇ ಚರ್ಚೆ ಮುಗಿದುಹೋಗುತ್ತದೆ. ಕ್ವಾರಿಯಿಂದ ಹರಿದು ಬರುವ ಮಳೆನೀರಿನ ಬಗ್ಗೆ ಯಾರೂ ಗಟ್ಟಿಯಾಗಿ ಕೇಳುವುದಿಲ್ಲ. ನಾನು ನೋಡಿದ ಮಟ್ಟಿಗೆ ಕೆಳಗಿನ ಗದ್ದೆಗೂ ಕೆರೆಗೂ ದೀರ್ಘಕಾಲದ ಹಾನಿ ಮಾಡುವುದು ಆ ನೀರೇ. ಗಿಡಮರಗಳ ಮೇಲೆ ಕೂತ ದೂಳನ್ನು ಮಳೆ ತೊಳೆಯುತ್ತದೆ, ಆದರೆ ತೊಳೆದದ್ದೆಲ್ಲ ಹೋಗಿ ಸೇರುವುದು ಕೆರೆಯ ಅಂಗಳವನ್ನು.

ನಮ್ಮೂರ ಕೆರೆಯ ಮೇಲ್ಭಾಗದಲ್ಲಿ ಒಂದು ಕ್ವಾರಿ, ಅದರ ಪಕ್ಕದಲ್ಲೇ ಕ್ರಷರ್ ಇದೆ. ಜೋರು ಮಳೆಯಾದ ಮರುದಿನ ಹಳ್ಳದ ಬದಿಯ ಗದ್ದೆಗೆ ಇಳಿದರೆ ಪೈರಿನ ಬುಡದಲ್ಲಿ ಬೂದು ಬಣ್ಣದ ನುಣ್ಣನೆಯ ಹೂಳು ಕೂತಿರುತ್ತದೆ. ಬೆರಳಲ್ಲಿ ಉಜ್ಜಿದರೆ ಅದು ಅಂಟುವುದಿಲ್ಲ, ಸಣ್ಣಗೆ ಗರಗರ ಎನ್ನುತ್ತದೆ. ಎರಡು ದಿನ ಬಿಸಿಲು ಕಾದರೆ ಹಪ್ಪಳದ ಹಾಗೆ ಸೆಟೆದು ಬಿರುಕು ಬಿಡುತ್ತದೆ, ಮೇಲೆ ಬಿದ್ದ ನೀರು ಸುಲಭವಾಗಿ ಕೆಳಗಿಳಿಯುವುದಿಲ್ಲ. ಕೆರೆಯಲ್ಲಾದರೆ ಇದೇ ಹೂಳು ತೂಬಿನ ಬಾಯಿಗೆ ಕಟ್ಟಿಕೊಳ್ಳುತ್ತದೆ. ಕೆರೆ ತುಂಬಿ ಕೋಡಿ ಬಿದ್ದಾಗ ಉಳಿದದ್ದು ಹಳ್ಳ ಹಿಡಿದು ಯಗಚಿ ಹೊಳೆಗೆ, ಅಲ್ಲಿಂದ ಹೇಮಾವತಿಗೆ ಹೋಗುತ್ತದೆ.

ಎಷ್ಟು ನೀರು ಬರುತ್ತದೆ ಎಂಬ ಲೆಕ್ಕ ಕಷ್ಟದ್ದಲ್ಲ. 1 ಚದರ ಮೀಟರ್ ಜಾಗದಲ್ಲಿ 1 ಮಿ.ಮೀ. ಮಳೆಯಾದರೆ 1 ಲೀಟರ್ ನೀರು. 5 ಎಕರೆ ಎಂದರೆ ಸುಮಾರು 20,000 ಚದರ ಮೀಟರ್, ಅದರ ಮೇಲೆ 50 ಮಿ.ಮೀ. ಮಳೆ ಸುರಿದರೆ 10 ಲಕ್ಷ ಲೀಟರ್. ಸಕಲೇಶಪುರ, ಮೂಡಿಗೆರೆಯ ಕಡೆ ಮುಂಗಾರಿನಲ್ಲಿ ಒಂದೇ ದಿನಕ್ಕೆ ಇದಕ್ಕಿಂತ ಹೆಚ್ಚು ಬೀಳುವುದು ಹೊಸದೇನಲ್ಲ. ಅರಸೀಕೆರೆಯ ಕಡೆ ವರ್ಷದ ಮಳೆ ಕಡಿಮೆಯಾದರೂ ಗುಡುಗು ಮಳೆ ಬಂದರೆ ಸ್ವಲ್ಪ ಹೊತ್ತಿನಲ್ಲೇ ಸುರಿದುಬಿಡುತ್ತದೆ. ಮೇಲ್ಮಣ್ಣು ತೆಗೆದ ಬಂಡೆಯ ಮೇಲೂ ಲಾರಿ ಓಡಾಡಿ ಗಟ್ಟಿಯಾದ ನೆಲದ ಮೇಲೂ ನೀರು ಇಂಗುವುದು ಅತ್ಯಲ್ಪ. ಇದರ ಜೊತೆಗೆ ಮೇಲಿನ ಗುಡ್ಡದ ನೀರೂ ಕ್ವಾರಿಯೊಳಗೆ ನುಗ್ಗಿದರೆ ಯಾವ ಗುಂಡಿಯೂ ತಡೆದುಕೊಳ್ಳುವುದಿಲ್ಲ.

ಆದ್ದರಿಂದ ಮೊದಲ ಕೆಲಸವೆಂದರೆ ಗುಡ್ಡದ ನೀರನ್ನು ಕ್ವಾರಿಯ ಹೊರಗಿನಿಂದಲೇ ಸುತ್ತಿಸಿ, ಅದು ಹೇಗೆ ಬಂತೋ ಹಾಗೆ ತಿಳಿಯಾಗಿಯೇ ಹಳ್ಳಕ್ಕೆ ಬಿಡುವುದು. ಗಾರ್ಲೆಂಡ್ ಡ್ರೈನ್, ಅಂದರೆ ಕ್ವಾರಿಯ ಸುತ್ತ ಹಾರದ ಹಾಗೆ ಬಳಸುವ ಚರಂಡಿ, ತೆಗೆಯಬೇಕೆಂದು ಪರಿಸರ ಅನುಮತಿಯ ಷರತ್ತುಗಳಲ್ಲಿ ಸಾಮಾನ್ಯವಾಗಿ ಬರೆದಿರುವುದು ಇದಕ್ಕಾಗಿಯೇ. ಇಳಿಜಾರು ಹೆಚ್ಚಿರುವಲ್ಲಿ ಚರಂಡಿಗೆ ಅಡ್ಡಲಾಗಿ ಬೋಡ್ರಸ್ (ದಪ್ಪ ಕಾಡುಕಲ್ಲು) ಕಲ್ಲಿನ ತಡೆ ಕಟ್ಟದಿದ್ದರೆ ಚರಂಡಿಯೇ ಕೊರೆದುಹೋಗಿ ಇನ್ನಷ್ಟು ಮಣ್ಣು ತರುತ್ತದೆ. ನೀರಿನ ವೇಗ ಮುರಿಯುವ ಈ ವಿದ್ಯೆ ನಮ್ಮ ಕಡೆಯವರಿಗೆ ಹೊಸದಲ್ಲ. ಕಾಫಿ ತೋಟದಲ್ಲಿ ಮಳೆನೀರು ತಡೆಯಲು ಗಿಡಗಳ ಸಾಲಿನ ನಡುವೆ ತೊಟ್ಟಿಲು ಗುಂಡಿ ತೆಗೆಯುವವರು, ಅಡಿಕೆ ತೋಟದಲ್ಲಿ ಬಸಿಗಾಲುವೆ ಹಸನು ಮಾಡುವವರು ನೀರನ್ನು ಎಲ್ಲಿ ನಿಲ್ಲಿಸಬೇಕು, ಎಲ್ಲಿ ಬಿಡಬೇಕು ಎಂಬುದನ್ನು ಚೆನ್ನಾಗಿ ಬಲ್ಲರು.

ಎರಡನೆಯದು ಕ್ವಾರಿಯೊಳಗೇ ಬಿದ್ದ ನೀರು. ಅದು ಹೂಳಿನ ಗುಂಡಿಯಲ್ಲಿ ನಿಂತು, ಹೂಳು ತಳಕ್ಕಿಳಿದ ಮೇಲೆ ಹೊರಹೋಗಬೇಕು. ಇಲ್ಲಿ ಸಮಯವೇ ಮುಖ್ಯ. ನಿಂತ ನೀರಿನಲ್ಲಿ 0.1 ಮಿ.ಮೀ. ಗಾತ್ರದ ಮರಳಿನ ಕಣ 1 ಮೀಟರ್ ಇಳಿಯಲು ಸುಮಾರು 2 ನಿಮಿಷ ಸಾಕು, 0.01 ಮಿ.ಮೀ. ಕಣಕ್ಕೆ ಸುಮಾರು 3 ಗಂಟೆ ಬೇಕು, ಅದಕ್ಕಿಂತ ಹತ್ತು ಪಟ್ಟು ಸಣ್ಣದಾದ ಕಣಕ್ಕೆ ಹತ್ತು ದಿನಕ್ಕೂ ಹೆಚ್ಚು ಬೇಕು. ಕ್ರಷರಿನ ಪುಡಿಯಲ್ಲಿ ಇವೆಲ್ಲ ಬೆರೆತೇ ಇರುತ್ತವೆ. ಹಾಗಾಗಿ ಆಳವಾಗಿ ತೋಡಿದ ಕಿರಿದಾದ ಒಂದು ಹೊಂಡ ಸಾಲದು. ಹರಿವ ನೀರಿನಿಂದ ಹೂಳು ಬೇರ್ಪಡಲು ಹೊಂಡದ ಹರವು ಬೇಕು, ಆಳ ಬೇಕಾಗುವುದು ಇಳಿದ ಹೂಳನ್ನು ಹಿಡಿದಿಡಲು. ನೀರು ಒಂದು ತುದಿಯಲ್ಲಿ ಒಳಬಂದು ಇನ್ನೊಂದು ತುದಿಯಲ್ಲಿ ಹೊರಹೋಗಬೇಕು, ಒಂದರ ನಂತರ ಒಂದರಂತೆ ಎರಡು ಮೂರು ಗುಂಡಿಗಳಿದ್ದರೆ ಇನ್ನೂ ಒಳ್ಳೆಯದು. ಒಳಬರುವ ಬಾಯಿಯ ಪಕ್ಕದಲ್ಲೇ ಹೊರಹೋಗುವ ಬಾಯಿ ಇಟ್ಟ ಗುಂಡಿಗಳನ್ನು ನಾನು ಕಂಡಿದ್ದೇನೆ. ಅಂಥಲ್ಲಿ ನೀರು ಮೂಲೆಯಲ್ಲೇ ತಿರುಗಿ, ತಂದ ಹೂಳಿನೊಂದಿಗೇ ಹೊರಟುಹೋಗುತ್ತದೆ. ಗುಂಡಿಯ ಹೂಳನ್ನು ಮೃಗಶಿರಕ್ಕೆ ಮೊದಲು ಒಮ್ಮೆ ಎತ್ತಿದರೆ ಸಾಲದು, ಮಳೆಗಾಲದ ನಡುವೆ ಮಳೆ ಬಿಟ್ಟು ಹೊಳವಾದಾಗಲೂ ಎತ್ತಬೇಕು. ಎತ್ತಿದ್ದನ್ನು ದಡದ ಮೇಲೇ ಸುರಿದರೆ ಮುಂದಿನ ಮಳೆಗೆ ಅದು ಮತ್ತೆ ಒಳಗೆ ಬರುತ್ತದೆ.

ಖರ್ಚಿನ ಮಾತು ಹೇಳುವವರಿದ್ದಾರೆ. ಮನೆಗೂ ರಸ್ತೆಗೂ ಜಲ್ಲಿ ಬೇಕು, ಕ್ವಾರಿ ನಡೆಯಬೇಕು, ಇದನ್ನು ನಾನು ಒಪ್ಪುತ್ತೇನೆ. ಆದರೆ ಹಿಟಾಚಿಯೂ ಕಲ್ಲೂ ಕ್ವಾರಿಯಲ್ಲೇ ಇರುವಾಗ ಚರಂಡಿ ತೆಗೆಯಲು ದುಡ್ಡಿಲ್ಲ ಎಂಬ ಮಾತನ್ನು ಒಪ್ಪಲಾರೆ.

ನನ್ನ ನಿಜವಾದ ತಕರಾರು ಇರುವುದು ಪರಿಶೀಲನೆಯ ಕಾಲದ ಬಗ್ಗೆ. 2006ರ ಪರಿಸರ ಪರಿಣಾಮ ಮೌಲ್ಯಮಾಪನ ಅಧಿಸೂಚನೆಯ ಪ್ರಕಾರ ಅನುಮತಿ ಪಡೆದವರು ಷರತ್ತು ಪಾಲನೆಯ ವರದಿಯನ್ನು ಪ್ರತಿವರ್ಷ ಜೂನ್ 1ಕ್ಕೂ ಡಿಸೆಂಬರ್ 1ಕ್ಕೂ ಸಲ್ಲಿಸಬೇಕು. ಜೂನ್ 1ರ ವೇಳೆಗೆ ಮುಂಗಾರು ಇನ್ನೂ ಹಿಡಿದಿರುವುದಿಲ್ಲ, ಡಿಸೆಂಬರಿನ ಹೊತ್ತಿಗೆ ಹಳ್ಳ ತಿಳಿಯಾಗಿರುತ್ತದೆ. ಬೇಸಿಗೆಯಲ್ಲಿ ತೆಗೆದ ಒಣ ಚರಂಡಿಯ ಚಿತ್ರ ಅದರ ಅಗಲವನ್ನಷ್ಟೇ ಹೇಳುತ್ತದೆ, ಅದು ಕೆಲಸ ಮಾಡುತ್ತದೆಯೋ ಇಲ್ಲವೋ ಎಂಬುದನ್ನು ಹೇಳುವುದಿಲ್ಲ. ಗಣಿ ಮತ್ತು ಭೂವಿಜ್ಞಾನ ಇಲಾಖೆಯವರೂ ಮಾಲಿನ್ಯ ನಿಯಂತ್ರಣ ಮಂಡಳಿಯವರೂ ಆರಿದ್ರಾ, ಪುನರ್ವಸು ಮಳೆ ಸುರಿಯುತ್ತಿರುವಾಗಲೇ ಕ್ವಾರಿಗೆ ಬಂದು, ಕೊನೆಯ ಗುಂಡಿಯಿಂದ ಹೊರಬೀಳುವ ನೀರನ್ನು ನೋಡಬೇಕು, ಮಾದರಿ ತೆಗೆಯಬೇಕು. ಡಿಸೆಂಬರ್ ವರದಿಯ ಜೊತೆಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಪ್ರತಿ ತಿಂಗಳೂ ತೆಗೆದ, ದಿನಾಂಕವಿರುವ ಚಿತ್ರಗಳನ್ನು ಕೇಳಬೇಕು.

ಅಲ್ಲಿಯವರೆಗೆ ಗ್ರಾಮ ಪಂಚಾಯಿತಿಯ ಸದಸ್ಯರೇ ಒಂದು ಕೆಲಸ ಮಾಡಬಹುದು. ಮಳೆ ಬರುತ್ತಿರುವಾಗ ಕ್ವಾರಿಯ ಮೇಲಿನ ಹಳ್ಳದ ನೀರನ್ನೂ ಕೆಳಗಿನ ಹಳ್ಳದ ನೀರನ್ನೂ ಒಳಗಿನದು ಕಾಣುವಂಥ ಎರಡು ಬಾಟಲಿಗಳಲ್ಲಿ ಹಿಡಿದು, ಊರಿನವರ ಎದುರಿಗೆ ಮೂರು ಗಂಟೆ ಅಲುಗಿಸದೆ ಇಟ್ಟು, ತಳದಲ್ಲಿ ಕೂತ ಹೂಳನ್ನು ಅಳೆದು ಗ್ರಾಮಸಭೆಯ ನಡಾವಳಿಯಲ್ಲಿ ದಾಖಲಿಸಲಿ.