ಅವತ್ತು ನಾನೂ ಅಲ್ಲಿದ್ದೆ ಮಾರಾಯ್ರೆ

ಕೊಲಾಬಾದ ರೇಡಿಯೋ ಕ್ಲಬ್ಬಿನ ಆಸುಪಾಸಿನಲ್ಲಿ ಒಂದು ಕಾಲಕ್ಕೆ ಸ್ಲಿಪ್ ಡಿಸ್ಕ್ ಅಂತ ಒಂದು ಡಿಸ್ಕೋ ಇತ್ತು. ಲೆಡ್ ಝೆಪ್ಪೆಲಿನ್ ತಂಡದ ಗಿಟಾರ್ ವಾದಕ ಜಿಮ್ಮಿ ಪೇಜ್, ಗಾಯಕ ರಾಬರ್ಟ್ ಪ್ಲಾಂಟ್ ಇಬ್ಬರೂ 1972ರ ಅಕ್ಟೋಬರಿನಲ್ಲಿ ಬೊಂಬಾಯಿಗೆ ಬಂದಿದ್ದರು. ಇಲ್ಲಿನ ವಾದ್ಯಗಾರರನ್ನು ಕೂರಿಸಿಕೊಂಡು ಸ್ಟುಡಿಯೋದಲ್ಲಿ ಎರಡು ಹಾಡು ರೆಕಾರ್ಡ್ ಮಾಡಿದರು. ಹಾಗೆಯೇ ಸ್ಲಿಪ್ ಡಿಸ್ಕಿಗೂ ಹೊಕ್ಕು ಇಲ್ಲಿನ ಹುಡುಗರ ಜೊತೆ ಸೇರಿ ಒಂದಷ್ಟು ನುಡಿಸಿ ಹೋದರು. ಪೋಸ್ಟರಿಲ್ಲ, ಜಾಹೀರಾತಿಲ್ಲ, ಸ್ವಾಗತ ಸಮಿತಿ ಇಲ್ಲ.

ಇಷ್ಟು ಇತಿಹಾಸ. ಇನ್ನು ಮುಂದಿನದ್ದು ಪುರಾಣ.

ಪುರಾಣದ ಪ್ರಕಾರ ಆ ರಾತ್ರಿ ಸ್ಲಿಪ್ ಡಿಸ್ಕಿನಲ್ಲಿ ಇಡೀ ಮಾಟುಂಗಾ ಇತ್ತು. ಫೋರ್ಟಿನ ಬ್ಯಾಂಕುಗಳ ಕನ್ನಡ ಗುಮಾಸ್ತರು ಒಬ್ಬರೂ ಬಿಡದಂತೆ ಹಾಜರಿದ್ದರು. ಡೊಂಬಿವಿಲಿಯಿಂದ ಒಂದು ಲೋಕಲ್ ತುಂಬ ಜನ ಬಂದಿಳಿದಿದ್ದರು, ಗೋರೆಗಾಂವಿನವರು ಬಾಗಿಲಲ್ಲಿ ನೇತಾಡುತ್ತಿದ್ದರು. ಎಪ್ಪತ್ತು ದಾಟಿದ, ಹಿಂದಲೆಯಲ್ಲಿ ಉಳಿದ ನಾಲ್ಕು ಕೂದಲನ್ನು ಜುಟ್ಟು ಕಟ್ಟಿದ ಯಾವ ಮುಂಬಯಿ ಕನ್ನಡಿಗರನ್ನು ಕೇಳಿದರೂ ‘ಅವತ್ತು ನಾನೂ ಅಲ್ಲಿದ್ದೆ’ ಎನ್ನುತ್ತಾರೆ. ಅರವತ್ತು ದಾಟಿದವರೂ ಎನ್ನುತ್ತಾರೆ. ಆಗ ಅವರು ಎರಡನೇ ಕ್ಲಾಸಿನಲ್ಲಿ ಮಗ್ಗಿ ಕಲಿಯುತ್ತಿದ್ದರು ಎಂದು ಲೆಕ್ಕ ತೆಗೆಯುವುದು ಸಭ್ಯರ ಲಕ್ಷಣವಲ್ಲ. ಅಲ್ಲಿದ್ದೆ ಎನ್ನುವವರನ್ನೆಲ್ಲ ಈಗ ಒಂದೆಡೆ ಸೇರಿಸಿದರೆ ಬ್ರೆಬೋರ್ನ್ ಸ್ಟೇಡಿಯಂ ಸಾಲದು. ಅಷ್ಟು ಜನ ಒಂದು ಡಿಸ್ಕೋದ ನೆಲದ ಮೇಲೆ ಹೇಗೆ ನಿಂತಿದ್ದರು ಎಂದರೆ, ಸಂಜೆ ಆರರ ವಿರಾರ್ ಫಾಸ್ಟ್ ಲೋಕಲಿನಲ್ಲಿ ನಿಂತು ಅಭ್ಯಾಸ ಇರುವವರಿಗೆ ಅದೇನು ಮಹಾ ಎಂಬ ಉತ್ತರ ತಯಾರಿದೆ.

ಇಲ್ಲಿ ಇನ್ನೊಂದು ತಮಾಷೆ. ಪೇಜ್ ಮತ್ತು ಪ್ಲಾಂಟ್ ನಮ್ಮವರ ಜೊತೆ ಮಾಡಿದ ಆ ರೆಕಾರ್ಡಿಂಗ್ ಅಧಿಕೃತವಾಗಿ ಹೊರಬಂದದ್ದು 2015ರಲ್ಲಿ, ಅಂದರೆ 43 ವರ್ಷಗಳ ನಂತರ. ಮೂಲ ಕಲಾವಿದರೇ ಇಷ್ಟು ತಡ ಮಾಡಿದ್ದಾರೆ. ನಮ್ಮ ಹಿರಿಯರ ನೆನಪು ಮಾತ್ರ ಪ್ರತಿ ಗಣೇಶೋತ್ಸವಕ್ಕೂ ಪರಿಷ್ಕೃತ, ವಿಸ್ತೃತ ಆವೃತ್ತಿಯಲ್ಲಿ ಹೊರಬೀಳುತ್ತಲೇ ಬಂದಿದೆ.

ಮುಂಬಯಿಯಲ್ಲಿ ಇದಕ್ಕೆ ಕಾರಣವೂ ಉಂಟು. ‘ಮೊದಲ ಸಲ ನೋಡಿದ್ದು’ ಎಂಬ ನೆನಪು ಪಗಡಿ ಖೋಲಿ, ಅಂದರೆ ಹಿಂದೆಂದೋ ಇಡಿಗಂಟು ಕೊಟ್ಟು ಹಿಡಿದ ಬಾಡಿಗೆ ಕೋಣೆ, ಇದ್ದ ಹಾಗೆ. ಯಾವ ಕಾಲದಲ್ಲೋ ಹೊಕ್ಕು ಕೂತವನನ್ನು ಈಗ ಯಾರೂ ಎಬ್ಬಿಸುವಂತಿಲ್ಲ. ಬಾಡಿಗೆ ಹಳೇದು, ಬೆಲೆ ಕೋಟಿಯದು, ಕಾಗದಪತ್ರ ಕೇಳಿದರೆ ಜಗಳ.

ಆದರೂ ಕಾಗದಪತ್ರ ಮಾಡಿಸಿಯೇ ತೀರುತ್ತೇವೆಂದು ನಮ್ಮ ಉಪನಗರದ ಕನ್ನಡ ಸಂಘವೊಂದು ಹೊರಟಿತು. ಸಂಘದ ಹೆಸರು ಬರೆದರೆ ಮುಂದಿನ ವರ್ಷ ನನಗೆ ಊಟದ ಕೂಪನ್ ಸಿಗಲಿಕ್ಕಿಲ್ಲ, ಹಾಗಾಗಿ ಬಿಡಿ. ಗಿಟಾರ್ ದಿಗ್ಗಜರನ್ನು ಕಣ್ಣಾರೆ ಕಂಡ ಮುಂಬಯಿ ಕನ್ನಡಿಗರನ್ನು ಗುರುತಿಸಿ, ಶಾಲು ಹೊದಿಸಿ, ಪೇಟ ತೊಡಿಸಿ, ಫಲ ತಾಂಬೂಲ ಕೊಡುವ ಕಾರ್ಯಕ್ರಮ. ಆಮಂತ್ರಣ ಪತ್ರಿಕೆಯಲ್ಲಿ ಮೂವತ್ತು ಜನರ ಹೆಸರಿತ್ತು. ಗಿಟಾರ್ ಬಾರಿಸುವವರ ಹೆಸರು ಒಂದೂ ಇರಲಿಲ್ಲ. ನಾಡಗೀತೆ, ದೀಪ ಬೆಳಗುವುದು, ಗಣ್ಯರ ಪರಿಚಯ, ಗಣ್ಯರನ್ನು ಪರಿಚಯಿಸಿದವರ ಪರಿಚಯ ಎಲ್ಲ ಮುಗಿಯುವ ಹೊತ್ತಿಗೆ ಒಬ್ಬ ಮನುಷ್ಯ ಗಿಟಾರನ್ನು ಮೊದಲಿಂದ ಕಲಿಯಬಹುದಿತ್ತು.

ಮೊದಲು ಮೈಕು ಹಿಡಿದವರು ಧಾರವಾಡ ಕಡೆಯ ನಿವೃತ್ತ ಬ್ಯಾಂಕ್ ಅಧಿಕಾರಿ. ಸಂಘದಲ್ಲಿ ಎಲ್ಲರಿಗೂ ಅವರು ರಾಯರು. “ಏನ್ ಹೇಳ್ಲಿರಿ, ಸ್ಲಿಪ್ ಡಿಸ್ಕ್‌ನಾಗ ನಾ ಮುಂದಿನ ಸಾಲಿನಾಗ ನಿಂತಿದ್ದೆ. ಜಾನ್ ಬಾನಮ್ ಡ್ರಮ್ ಬಾರ್ಸಾಕ ಹತ್ತಿದ ಅಂದ್ರ ನನ್ನ ಎದಿ ಗುಡುಗುಡು ಅಂತಿತ್ತು ನೋಡ್ರಿ!” ಎಂದರು. ಸಭೆ ಚಪ್ಪಾಳೆ ತಟ್ಟಿತು. ಲೆಡ್ ಝೆಪ್ಪೆಲಿನ್ನಿನ ಡ್ರಮ್ ವಾದಕ ಬಾನಮ್ ಆ ಪ್ರವಾಸದಲ್ಲಿ ಇರಲೇ ಇಲ್ಲ, ಬಂದವರು ಪೇಜ್ ಮತ್ತು ಪ್ಲಾಂಟ್ ಇಬ್ಬರೇ ಎಂದು ಕಾಲೇಜು ಹುಡುಗನೊಬ್ಬ ಫೋನು ಎತ್ತಿ ತೋರಿಸಿದ. ಅಧ್ಯಕ್ಷರು ಅವನನ್ನು ಪ್ರೀತಿಯಿಂದಲೇ ಕೂರಿಸಿದರು: “ತಮ್ಮಾ, ನೀನು ಆಗ ಹುಟ್ಟಿದ್ದೆಯಾ? ಇಲ್ಲವಲ್ಲ.” ಈ ವಾದದ ಮುಂದೆ ಯಾವ ದಾಖಲೆಯೂ ನಿಲ್ಲುವುದಿಲ್ಲ.

ನಿಂತದ್ದು ಒಂದೇ. ಮೂರನೇ ಸಾಲಿನಿಂದ ರಾಯರ ಮನೆಯವರು ಎದ್ದು, “ಅವತ್ತ ನೀವು ಧಾರವಾಡದಾಗ ಇದ್ರಿ. ನಮ್ಮ ನಿಶ್ಚಯ ಇತ್ತು” ಎಂದರು.

“ಅದು ದೀಪಾವಳಿ ಆದಮ್ಯಾಲ.”

“ನವರಾತ್ರಿಯೊಳಗ. ನಮ್ಮಪ್ಪ ಉಂಗುರಕ್ಕ ಸಾಲ ಮಾಡಿದ್ದ. ನನಗ ಮರತೀತೇನ?”

ರಾಯರು ಶಾಲು ಸರಿಮಾಡಿಕೊಂಡು, ಪೇಜ್ ಅದರ ಹಿಂದಿನ ವರ್ಷವೂ ಒಮ್ಮೆ ಬಂದಿದ್ದ ಎಂಬ ಮಾತು ಉಂಟು, ತಾನು ನೋಡಿದ್ದು ಆವಾಗ ಇರಬೇಕು ಎಂದು ತಿದ್ದುಪಡಿ ಮಂಡಿಸಿದರು. ತಿದ್ದುಪಡಿ ಅಂಗೀಕಾರವಾಯಿತು. ಬಾನಮ್ ಕೂಡ ತಿದ್ದುಪಡಿಯ ಜೊತೆಗೇ ಒಂದು ವರ್ಷ ಹಿಂದಕ್ಕೆ ಹೋದ.

ಆಮೇಲೆ ಬಂದವರು ಕುಂದಾಪುರ ಕಡೆಯ ಹೋಟೆಲ್ ಯಜಮಾನರು. ಜ್ಯೇಷ್ಠತೆಯಲ್ಲಿ ರಾಯರನ್ನು ಮೀರಿಸಲೇಬೇಕೆಂದು ಬಂದಿದ್ದರು. “ಅರವತ್ತಾರರಲ್ಲಿ ಬೀಟಲ್ಸಿನ ಜಾರ್ಜ್ ಹ್ಯಾರಿಸನ್ ತಾಜ್ ಹೋಟೆಲಿಗೆ ಬಂದದ್ದು ಗೊತ್ತುಂಟಲ್ಲ ನಿಮಗೆ? ಯಾರಿಗೂ ಗುರುತು ಸಿಗಬಾರದು ಅಂತ ಮೀಸೆ ಬಿಟ್ಟಿದ್ದ. ನನಗೆ ಸಿಕ್ಕಿತು ಮಾರಾಯ್ರೆ. ದೊಡ್ಡಪ್ಪನ ಹೋಟೆಲಿನ ಗಲ್ಲಾದಲ್ಲಿ ಕೂತಿದ್ದೆ, ಒಬ್ಬ ಉದ್ದ ಜನ ಬಂದು ಎರಡು ಪ್ಲೇಟ್ ಇಡ್ಲಿ ಹೊಡೆದ. ಚಟ್ನಿ ಮತ್ತೊಮ್ಮೆ ಕೇಳಿದ. ಆಗಲೇ ನಾನು ಅಂದುಕೊಂಡೆ, ಇವನು ಕಲಾವಿದ.”

ಇದಕ್ಕೆ ಕಾನೂನು ತೊಡಕು ಎದುರಾಯಿತು. ಹ್ಯಾರಿಸನ್ ಆ ಸಲ ಬಂದದ್ದು ರವಿಶಂಕರರ ಹತ್ತಿರ ಸಿತಾರ್ ಕಲಿಯಲು. ಗಿಟಾರ್ ಮುಟ್ಟದೆ ಇಡ್ಲಿ ಮುಟ್ಟಿದ ಗಿಟಾರ್ ದಿಗ್ಗಜನನ್ನು ನೋಡಿದ್ದು ‘ಲೈವ್’ ಆಗುತ್ತದೆಯೇ? ಜೀವಂತ ಇದ್ದನಲ್ಲ, ಲೈವೇ ಎಂದು ಒಂದು ಬಣ. ಕೈಯಲ್ಲಿ ವಾದ್ಯ ಇರಬೇಕು ಎಂದು ಇನ್ನೊಂದು ಬಣ. ಉಪಸಮಿತಿ ನೇಮಕವಾಯಿತು. ಯಜಮಾನರೇ ಅದರ ಸಂಚಾಲಕರು, ಏಕೆಂದರೆ ಸಭೆಯ ಉಪಾಹಾರ ಅವರದ್ದು.

ಮೂರನೆಯವರು ನನ್ನ ಪ್ರಾಯದ ಐಟಿ ಮನುಷ್ಯ, ಗಿಟಾರ್ ವಾದಕ ಮಾರ್ಕ್ ನಾಪ್ಫ್ಲರನ ಪರಮ ಭಕ್ತ. 2005ರಲ್ಲಿ ಬಾಂದ್ರಾ-ಕುರ್ಲಾ ಸಂಕೀರ್ಣದ ಎಂಎಂಆರ್‌ಡಿಎ ಮೈದಾನದಲ್ಲಿ ನಾಪ್ಫ್ಲರ್ ನುಡಿಸಿದ್ದು ಹೌದು. ನಮ್ಮವರು ಅಲ್ಲಿ ಇದ್ದದ್ದೂ ಹೌದು, ಅದಕ್ಕೆ ಪುರಾವೆಯಾಗಿ ಆ ಮೈದಾನದ ಧೂಳಿನ ಕೆಮ್ಮು ಇನ್ನೂ ಇದೆ ಎಂದರು. ಅಷ್ಟಕ್ಕೇ ನಿಲ್ಲಿಸಿದ್ದರೆ ನಾನೂ ಚಪ್ಪಾಳೆ ತಟ್ಟುತ್ತಿದ್ದೆ. ಅವರು ಚೀಲದಿಂದ ಒಂದು ಚೌಕಟ್ಟು ತೆಗೆದರು. ಗಾಜಿನ ಹಿಂದೆ, ಕೆಂಪು ಮಖಮಲ್ಲಿನ ಮೇಲೆ ಒಂದು ಗಿಟಾರ್ ಪಿಕ್, ತಂತಿ ಮೀಟುವ ಚಿಕ್ಕ ಬಿಲ್ಲೆ. ಮೂಲೆಯಲ್ಲಿ ಕುಂಕುಮ. “ಕೊನೆಯ ಹಾಡು ಮುಗಿಸಿ ನೇರ ನನ್ನ ಕಡೆ ಎಸೆದ್ರು. ದೇವರ ಕೋಣೆಯಲ್ಲೇ ಇಟ್ಟಿದ್ದೇವೆ, ಇವಳು ದಿನಾ ಹೂ ಏರಿಸ್ತಾಳೆ.”

ನಾಪ್ಫ್ಲರನ ಹೆಸರು ಕೇಳಿದವರಿಗೆಲ್ಲ ಗೊತ್ತಿರುವ ಒಂದೇ ಒಂದು ಸಂಗತಿ ಇದ್ದರೆ ಅದು ಆ ಮನುಷ್ಯ ವೇದಿಕೆಯಲ್ಲಿ ಪಿಕ್ ಹಿಡಿಯದೆ ಬರಿಬೆರಳಲ್ಲಿ ತಂತಿ ಮೀಟುತ್ತಾನೆ ಎಂಬುದು. ಅವನ ನಾದದ ಗುಟ್ಟೇ ಅದು. ಸಭೆಯಲ್ಲಿ ಒಬ್ಬರೂ ಉಸಿರೆತ್ತಲಿಲ್ಲ. ಹಿಂದಿದ್ದ ಅಜ್ಜಿಯೊಬ್ಬರು ಚೌಕಟ್ಟನ್ನು ಕಣ್ಣಿಗೆ ಒತ್ತಿಕೊಂಡು ಪಕ್ಕದವರಿಗೆ ದಾಟಿಸಿದರು. ಹೂ ಏರುವಲ್ಲಿ ಪ್ರಶ್ನೆ ಏರುವುದಿಲ್ಲ.

ಮಹಿಳಾ ವಿಭಾಗದಿಂದ ಒಬ್ಬರು ಮಾತಾಡಿದರು, ಚುಟುಕಾಗಿ. 1980ರ ಮಾರ್ಚಿನಲ್ಲಿ ದಿ ಪೋಲೀಸ್ ತಂಡ ಧೋಬಿ ತಲಾವಿನ ರಂಗಭವನದಲ್ಲಿ ನುಡಿಸಿತು. ಆ ಕಾರ್ಯಕ್ರಮವನ್ನು ಏರ್ಪಡಿಸಿದ್ದು ಟೈಮ್ ಅಂಡ್ ಟ್ಯಾಲೆಂಟ್ಸ್ ಕ್ಲಬ್ಬಿನ ಹೆಂಗಸರು, ರಾಕ್ ಸಂಗೀತದ ಗಂಡಸು ತಜ್ಞರಲ್ಲ. ಇದನ್ನು ದಾಖಲಿಸಿ ಎಂದು ಅವರು ಕೇಳಿದರು. ಕಾರ್ಯದರ್ಶಿ ‘ಮಹಿಳೆಯರೂ ಭಾಗವಹಿಸಿದ್ದರು’ ಎಂದು ಬರೆದುಕೊಂಡರು.

ರಂಗಭವನದ ಹೆಸರು ಬಂದದ್ದೇ ಸಭೆ ಬಿಸಿಯಾಯಿತು. ಝೇವಿಯರ್ಸ್ ಕಾಲೇಜಿನ ಬಗಲಿನ ಆ ಬಯಲು ರಂಗಮಂದಿರ ಈ ಊರಿನ ಗಿಟಾರಿನ ತವರು. 1986ರಲ್ಲಿ ಶುರುವಾದ ಇಂಡಿಪೆಂಡೆನ್ಸ್ ರಾಕ್ ಉತ್ಸವವೂ ವರ್ಷಗಟ್ಟಲೆ ಅಲ್ಲೇ ನಡೆದದ್ದು. ಆಮೇಲೆ 2000ದ ಶಬ್ದಮಾಲಿನ್ಯ ನಿಯಮ ಬಂತು. ಆಸ್ಪತ್ರೆ, ಕೋರ್ಟು, ಶಾಲೆ ಕಾಲೇಜುಗಳ ಸುತ್ತ ನೂರು ಮೀಟರ್ ನಿಶ್ಶಬ್ದ ವಲಯ. ರಂಗಭವನದ ಸುತ್ತ ಇವಿಷ್ಟೂ ಇವೆ. ಗಿಟಾರು ನಿಂತಿತು. ರೋಗಿಗಳಿಗೆ ನಿದ್ದೆ ಬೇಕು, ನಿಯಮ ತಪ್ಪು ಎಂದು ನಾನು ಹೇಳುವುದಿಲ್ಲ. ಆದರೆ ಅದೇ ರಸ್ತೆಯಲ್ಲಿ ಟ್ಯಾಕ್ಸಿ, ಬೆಸ್ಟ್ ಬಸ್ಸು, ಮಂತ್ರಿಗಳ ಸೈರನ್ನು ಬೆಳಗಿನಿಂದ ರಾತ್ರಿವರೆಗೆ ಹಾರ್ನ್ ಬಾರಿಸುತ್ತ ಮೌನವ್ರತ ಪಾಲಿಸುವುದನ್ನು ನೋಡಿದರೆ, ನಮ್ಮ ನಗರಕ್ಕೆ ಶಬ್ದದ ಮೇಲೆ ಸಿಟ್ಟಿಲ್ಲ, ಶ್ರುತಿಯ ಮೇಲೆ ಸಿಟ್ಟು ಎಂದು ತೋರುತ್ತದೆ. ಇಷ್ಟಾಗಿ ನೆನಪುಗಳಿಗೆ ಡೆಸಿಬೆಲ್ ಮಿತಿ ಇಲ್ಲ. ರಾತ್ರಿ ಹತ್ತರ ನಂತರವೂ ಮುಂದುವರಿಯಬಹುದು, ಮುಂದುವರಿಯುತ್ತವೆ.

ಕಾಲೇಜು ಹುಡುಗನಿಗೆ ಕೊನೆಗೂ ಎರಡು ನಿಮಿಷ ಸಿಕ್ಕಿತು. 2025ರ ಮೇ ತಿಂಗಳಲ್ಲಿ ಮಹಾಲಕ್ಷ್ಮಿ ರೇಸ್‌ಕೋರ್ಸಿನಲ್ಲಿ ಗನ್ಸ್ ಅಂಡ್ ರೋಸಸ್ ತಂಡ ನುಡಿಸಿದಾಗ ಅವನು ಅದರ ಗಿಟಾರ್ ವಾದಕ ಸ್ಲ್ಯಾಶ್‌ನನ್ನು ಕಂಡಿದ್ದ. ಎಲ್ಲಿ ಕಂಡೆ ಎಂದರೆ, ಮುಂದಿನವನ ಫೋನಿನ ಪರದೆಯಲ್ಲಿ. ಮುಂದಿನವನು ಅವನ ಮುಂದಿನವನ ಫೋನಿನಲ್ಲಿ ಕಂಡಿದ್ದ. ಎಲ್ಲರಿಗಿಂತ ಮುಂದೆ ನಿಂತವನು ಸ್ಲ್ಯಾಶ್‌ನ ಹಾಗೇ ಎತ್ತರದ ಟೋಪಿ ಹಾಕಿಕೊಂಡು ಬಂದಿದ್ದ, ಹಾಗಾಗಿ ಸುಮಾರು ಜನ ಟೋಪಿಯನ್ನು ನೋಡಿಯೇ ಪಾವನರಾದರು. ಹುಡುಗ ಸುಳ್ಳು ಹೇಳಲಿಲ್ಲ, ಅದೇ ಅವನ ದೌರ್ಬಲ್ಯ. ಹಿರಿಯರು ಕನಿಕರದಿಂದ ನಕ್ಕರು. ಆದರೆ ಈ ಪೀಳಿಗೆಯೂ ಕಲಿಯುತ್ತಿದೆ. 2024ರಲ್ಲಿ ಕೋಲ್ಡ್‌ಪ್ಲೇಯ ನವಿ ಮುಂಬಯಿ ಸಂಗೀತ ಕಛೇರಿಯ ಟಿಕೆಟಿಗೆ ಆನ್‌ಲೈನ್ ಸರದಿಯಲ್ಲಿ ನಿಂತವರು 1.3 ಕೋಟಿ ಎಂದು ಸುದ್ದಿಯಾಯಿತು. ಇನ್ನು ಮೂವತ್ತು ವರ್ಷ ಕಳೆಯಲಿ, ಆ 1.3 ಕೋಟಿಯೂ ಡಿ.ವೈ. ಪಾಟೀಲ್ ಸ್ಟೇಡಿಯಮಿನ ಒಳಗೇ ಇದ್ದರು ಎಂದಾಗುತ್ತದೆ.

ಅಧ್ಯಕ್ಷರು ಠರಾವು ಓದಿದರು. ಪ್ರಥಮ ದರ್ಶನ ಪಡೆದವರಿಗೆ ಪ್ರಮಾಣಪತ್ರ. ಅರ್ಜಿಯ ಜೊತೆ ನೋಟರಿ ಮಾಡಿಸಿದ ಅಫಿಡವಿಟ್, ಎರಡು ಫೋಟೋ, ಟಿಕೆಟಿನ ತುಂಡು. ಟಿಕೆಟ್ ಕಳೆದಿದ್ದರೆ ಪೋಲೀಸ್ ಠಾಣೆಯಲ್ಲಿ ಕೊಟ್ಟ ದೂರಿನ ಪ್ರತಿ. ಮಳೆ ಬಂದಿದ್ದರೆ ಐದು ಅಂಕ ಹೆಚ್ಚು, ವಾದಕ ತನ್ನನ್ನೇ ನೋಡಿ ನಕ್ಕಿದ್ದರೆ ಹತ್ತು. ಕೊನೇ ಲೋಕಲ್ ತಪ್ಪಿ ದಾದರ್ ಪ್ಲಾಟ್‌ಫಾರ್ಮಿನಲ್ಲಿ ಮಲಗಿದ್ದರೆ ನೇರ ಆಯ್ಕೆ. ಇಷ್ಟರಲ್ಲಿ ನನಗೆ ಹೊಳೆದ ಸಂಗತಿ: ಸಂಜೆಯಿಂದ ಮಾತಾಡಿದವರಲ್ಲಿ ಇಡ್ಲಿ, ಧೂಳು, ಉಂಗುರ, ಟೋಪಿ ಎಲ್ಲ ಬಂದು ಹೋಗಿದ್ದವು. ಗಿಟಾರು ಹೇಗೆ ಕೇಳಿಸಿತು ಎಂದು ಹೇಳಿದವರು ಒಬ್ಬರೂ ಇಲ್ಲ. ಅದಕ್ಕೆ ಅಂಕವೂ ಇರಲಿಲ್ಲ.

ಆಗ ಬಾಗಿಲ ಹತ್ತಿರದ ಪ್ಲಾಸ್ಟಿಕ್ ಕುರ್ಚಿಯಿಂದ ವಯಸ್ಸಾದವರೊಬ್ಬರು ಕೈ ಎತ್ತಿದರು. ಬಿಳಿ ಅಂಗಿ, ಕೈಯಲ್ಲಿ ಛತ್ರಿ. ಊರು ಬಿಟ್ಟು ಸಣ್ಣ ಪ್ರಾಯದಲ್ಲೇ ಬೊಂಬಾಯಿಗೆ ಬಂದು, ಹಗಲು ಹೋಟೆಲಿನಲ್ಲಿ ದುಡಿದು, ಫೋರ್ಟಿನ ಕನ್ನಡ ರಾತ್ರಿಶಾಲೆಯಲ್ಲಿ ಓದಿದವರಂತೆ. “ಕೆಲವು ತಿಂಗಳು ನಾನು ಆ ಸ್ಲಿಪ್ ಡಿಸ್ಕಿನಲ್ಲಿ ಗ್ಲಾಸು ತೊಳೆಯುವ ಕೆಲಸಕ್ಕೆ ಇದ್ದೆ ಸಾರ್. ಇಬ್ಬರು ಫಾರಿನ್‌ನವರು ಬಂದದ್ದು ಹೌದು. ಒಬ್ಬ ಹಾಡಿದ, ಇನ್ನೊಬ್ಬ ಗಿಟಾರ್ ತಗೊಂಡ. ಡ್ರಮ್ಮು ನಮ್ಮ ಇಲ್ಲಿನವರದ್ದೇ.”

ಸಮಿತಿ ಎಚ್ಚೆತ್ತಿತು. ಯಾವ ಹಾಡು? ಗೊತ್ತಿಲ್ಲ. ಯಾವ ಕಂಪನಿಯ ಗಿಟಾರು? ಗೊತ್ತಿಲ್ಲ. ಸೋಲೋ ಎಷ್ಟು ನಿಮಿಷ? ಸೋಲೋ ಅಂದರೆ ಎಂತ ಸಾರ್?

“ರೋಮಾಂಚನ ಆಯಿತೋ ಇಲ್ಲವೋ?” ಅಧ್ಯಕ್ಷರು ಕೊನೆಯ ಅವಕಾಶ ಕೊಟ್ಟರು.

ಅವರು ಸ್ವಲ್ಪ ಯೋಚಿಸಿದರು. “ನಿದ್ರೆ ಬರ್ತಾ ಇತ್ತು. ಆದರೆ ಆ ಗಿಟಾರು ಶುರುವಾದ ಮೇಲೆ ಬರಲಿಲ್ಲ. ತೊಳೆದ ಗ್ಲಾಸುಗಳೆಲ್ಲ ಹಲಗೆ ಮೇಲೆ ಕಿಣಿಕಿಣಿ ಅಂತಿದ್ದವು. ಹಿಡಿದುಕೊಂಡು ನಿಂತೆ.”

“ಟಿಕೆಟಿನ ತುಂಡು?”

“ಸಂಬಳಕ್ಕೆ ಇದ್ದವನಿಗೆ ಟಿಕೆಟ್ ಎಲ್ಲಿಯದು ಸಾರ್?”

ಉಪಸಮಿತಿ ತಲೆ ತಲೆ ಸೇರಿಸಿ ಪಿಸುಗುಟ್ಟಿತು. ಅವರು ಅಭಿಮಾನಿ ವರ್ಗಕ್ಕೆ ಸೇರುವುದಿಲ್ಲ, ಕರ್ತವ್ಯದ ಮೇಲೆ ಹಾಜರಿದ್ದವರನ್ನು ಪರಿಗಣಿಸಿದರೆ ಮುಂದೆ ಪೋಲೀಸರು, ಆಂಬ್ಯುಲೆನ್ಸಿನವರು ಎಲ್ಲ ಅರ್ಜಿ ಹಾಕುತ್ತಾರೆ ಎಂದು ತೀರ್ಪಾಯಿತು. ಶಾಲುಗಳೂ ಲೆಕ್ಕಕ್ಕೆ ಸರಿಯಾಗಿ ಇದ್ದವು. ಅಧ್ಯಕ್ಷರು ಒಳ್ಳೆಯ ಮನುಷ್ಯ, ಸುಮ್ಮನೆ ಕಳಿಸಲಿಲ್ಲ. “ನೀವು ಹೋಟೆಲ್ ಲೈನಿನವರಲ್ಲವಾ? ಬಿಸಿಬೇಳೆಬಾತಿನ ಹತ್ತಿರ ಬಡಿಸಲಿಕ್ಕೆ ಒಬ್ಬರು ಕಡಿಮೆ ಇದ್ದಾರೆ, ಸ್ವಲ್ಪ ನೋಡ್ತೀರಾ?” ಎಂದರು.

ಅವರು ಛತ್ರಿಯನ್ನು ಗೋಡೆಗೆ ಒರಗಿಸಿ ಸೌಟು ಹಿಡಿದರು. ಸರದಿಯಲ್ಲಿ ಎಲ್ಲರಿಗಿಂತ ಮುಂದೆ, ಪೇಟ ಇನ್ನೂ ತೆಗೆಯದ ರಾಯರು. ತಟ್ಟೆ ಚಾಚಿ, ಮೇಲೊಂದಿಷ್ಟು ಬೂಂದಿ ಹಾಕಿಸಿಕೊಂಡು, ತಗ್ಗಿದ ದನಿಯಲ್ಲಿ ಕೇಳಿದರು: “ಬಾನಮ್‌ನ ನೀವು ಸರಿಯಾಗಿ ನೋಡ್ಲಿಲ್ಲ ಅನಸ್ತದ, ಅಲ್ಲೇನ್ರಿ?”